ಸೈಲೆನ್ಸರ್ ಡಬ್ಬಿಯೊಳಗಿನ ಟೂ ಬಿಎಚ್‌ಕೆ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಬಣ್ಣದ ಎಂಜಿನ್ ದೀಪ ಹತ್ತಿಕೊಂಡಿತು. ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯಿಂದ ಸ್ವಲ್ಪ ದೂರದಲ್ಲೇ ಇಂಡಿ ತಾಲ್ಲೂಕಿನವರೊಬ್ಬರ ಗ್ಯಾರೇಜ್ ಇದೆ. ಊರ ಮಾತು ಕೇಳಬಹುದೆಂಬ ಆಸೆಗೇ ನಾನು ಅಲ್ಲಿಗೆ ಹೋಗುವುದು ಹೆಚ್ಚು. ಅವರು ಸ್ಕ್ಯಾನರ್ ಚುಚ್ಚಿ ನೋಡಿದರು. ಕಾರಿನ ಅಡಿಗೆ ಇಣುಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಅಂದರು:

‘ಸರ, ಸೈಲೆನ್ಸರ್ ಮುಂದಿನ ಡಬ್ಬಿ ಹೋಗೇದ್ರಿ. ಹೊಸಾದು ಹಾಕಿದ್ರ ಭಾಳ ರೊಕ್ಕ ಆಗ್ತದ. ಒಳಗಿನ ಜಾಳಿಗಿ ಒಡದು ತಗದು, ಖಾಲಿ ಡಬ್ಬಿ ಬೆಸುಗಿ ಹಾಕಿ ಕೊಡ್ತೀನಿ. ಗಾಡಿ ಇನ್ನಾ ಹಗೂರ ಓಡತದ. ಹಳೇ ಜಾಳಿಗಿ ತಗೊಳ್ಳವ್ರು ಅದಾರ. ಅದರ ರೊಕ್ಕ ನಿಮ್ಮ ಬಿಲ್ಲಿನಾಗ ಕಡಿಮಿ ಮಾಡ್ತೀನ್ರಿ.’

ಸುಟ್ಟು ಕರಕಲಾದ ಡಬ್ಬಿಯ ಒಳಗಿನ ಪುಡಿಯನ್ನು ಯಾರು, ಯಾಕೆ ರೊಕ್ಕ ಕೊಟ್ಟು ಒಯ್ಯುತ್ತಾರೆ? ಕಾರಣ ನನಗೆ ಗೊತ್ತಿತ್ತು. ಏಕೆಂದರೆ ಆ ಡಬ್ಬಿಯನ್ನು ಕಾಯುವುದೇ ನನ್ನ ನೌಕರಿ. ಎಂ.ಟೆಕ್ ಮುಗಿಸಿದಾಗಿನಿಂದ ನಾನು ಹಿಂಜವಡಿಯಲ್ಲಿ ವಾಹನಗಳ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಹತ್ತಿದ್ದ ದೀಪದ ಹಿಂದಿನ ಸಂಕೇತ ‘ಪಿ 0420’. ‘ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದು ಅದರ ಅರ್ಥ. ವರ್ಷಗಟ್ಟಲೆ ಈ ಸಂಕೇತದ ಸುತ್ತ ಕೋಡ್ ಬರೆದ ನಾನು, ಆ ಜಾಳಿಗೆಯನ್ನು ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ, ಅದೂ ಬೇರೆ ಯಾರದೋ ಕಾರಿನದು. ಬೂದಿ ಬಣ್ಣದ, ಜೇನುಹುಟ್ಟಿನಂಥ ಪಿಂಗಾಣಿ ತುಂಡು. ನೋಡಲು ಏನೇನೂ ಇಲ್ಲ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಲೋಹದ ನ್ಯಾನೊ ಕಣಗಳ ವಿಜ್ಞಾನ ಏನೇನು ಸಾಧಿಸಿದೆಯೋ ಅದರ ದೊಡ್ಡ ಪಾಲು ಅದರೊಳಗೇ ಇದೆ.

<b>ಮದುವೆ ದಲ್ಲಾಳಿಯ ಕೆಲಸ</b>

ಪೆಟ್ರೋಲ್ ಎಂಜಿನ್ನಿನಿಂದ ಮೂರು ಬಗೆಯ ಕೆಟ್ಟ ಅನಿಲಗಳು ಹೊರಬರುತ್ತವೆ. ಅರೆಬೆಂದ ಇಂಧನದಿಂದ ಬರುವ ಕಾರ್ಬನ್ ಮೊನಾಕ್ಸೈಡ್, ಉರಿಯದೇ ಉಳಿದ ಹೈಡ್ರೋಕಾರ್ಬನ್‌ಗಳು, ಹೆಚ್ಚಿನ ಶಾಖದಲ್ಲಿ ಗಾಳಿಯ ಸಾರಜನಕವೇ ಉರಿದು ಆಗುವ ನೈಟ್ರೋಜನ್ ಆಕ್ಸೈಡ್‌ಗಳು. ಮೊದಲೆರಡಕ್ಕೆ ಆಮ್ಲಜನಕ ಸೇರಿಸಬೇಕು, ಮೂರನೆಯದರಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಈ ಕೊಡು–ಕೊಳ್ಳುವಿಕೆ ತಾನಾಗಿ ನಡೆಯಲು ಹೊಗೆ ಕೊಳವೆಯಲ್ಲಿ ಸಮಯವೂ ಇಲ್ಲ, ಬೇಕಾದಷ್ಟು ಶಾಖವೂ ಇಲ್ಲ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಮೂರು ಲೋಹಗಳು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಮಾಡಿಸುತ್ತವೆ. ಹೊರಗೆ ಬರುವುದು ಕಾರ್ಬನ್ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕ.

ವೇಗವರ್ಧಕ ಎಂದರೆ ಏನೆಂದು ಶಾಲೆಯಲ್ಲಿ ಹೇಳುವಾಗ ಹಾಲಿಗೆ ಹಾಕುವ ಹೆಪ್ಪಿನ ಉದಾಹರಣೆ ಕೊಡುವುದುಂಟು. ಅದು ಅಷ್ಟು ಹೊಂದುವುದಿಲ್ಲ. ಹೆಪ್ಪು ತಾನೂ ಬೆಳೆದು ಮೊಸರೇ ಆಗಿಬಿಡುತ್ತದೆ. ಮದುವೆ ದಲ್ಲಾಳಿ ಇನ್ನೂ ಸರಿಯಾದ ಹೋಲಿಕೆ. ಗಂಡು, ಹೆಣ್ಣು ಎರಡೂ ಕಡೆಯವರನ್ನು ಒಂದೇ ಜಗಲಿಯ ಮೇಲೆ ಕೂರಿಸುತ್ತಾನೆ, ಮಾತು ಮುಗಿಸುತ್ತಾನೆ, ಛತ್ರಿ ಎತ್ತಿಕೊಂಡು ಮುಂದಿನ ಊರಿಗೆ ಹೋಗುತ್ತಾನೆ. ಮದುವೆಯಲ್ಲಿ ಅವನು ಖರ್ಚಾಗುವುದಿಲ್ಲ. ಪ್ಲಾಟಿನಂ ಮೇಲ್ಮೈ ಹೀಗೆಯೇ. ಆಮ್ಲಜನಕದ ಜೋಡಿಯನ್ನು ಬಿಡಿಸಿ ಒಂಟಿ ಪರಮಾಣುಗಳಾಗಿ ಕೂರಿಸಿಕೊಳ್ಳುತ್ತದೆ, ಪಕ್ಕದಲ್ಲಿ ಕಾರ್ಬನ್ ಮೊನಾಕ್ಸೈಡ್‌ಗೂ ಜಾಗ ಕೊಡುತ್ತದೆ, ಇಬ್ಬರೂ ಕೂಡಿ ಹಾರಿಹೋಗುತ್ತಾರೆ, ಜಗಲಿ ಮತ್ತೆ ಖಾಲಿ. ಈ ಆಟ ಹೇಗೆ ನಡೆಯುತ್ತದೆಂದು ಹಂತ ಹಂತವಾಗಿ ತೋರಿಸಿಕೊಟ್ಟ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು.

ದಲ್ಲಾಳಿಗೂ ಒಂದು ಹದ ಇರಬೇಕು. ಬಂದವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರೆ ಅವರು ಅವನ ಮನೆಯಲ್ಲೇ ಉಳಿದುಬಿಡುತ್ತಾರೆ, ಸಡಿಲ ಬಿಟ್ಟರೆ ಬರುವುದೇ ಇಲ್ಲ. ವನಸ್ಪತಿ ತುಪ್ಪದ ಹಿಂದಿರುವ ನಿಕಲ್ ವೇಗವರ್ಧಕದ ವಿದ್ಯೆ ಕಂಡುಕೊಟ್ಟ ಫ್ರಾನ್ಸಿನ ಪಾಲ್ ಸಬಾತಿಯೆ ಈ ಹದದ ಸೂತ್ರ ಹೇಳಿ ನೂರು ವರ್ಷ ದಾಟಿದೆ. ಇಂದಿಗೂ ಹೊಸ ವೇಗವರ್ಧಕ ಹುಡುಕುವವರು ಅದೇ ಸೂತ್ರ ಹಿಡಿದು ನಡೆಯುತ್ತಾರೆ.

<b>ಒಂದು ಗ್ರಾಂ, ಸಾವಿರ ಚದರ ಅಡಿ</b>

ಇಲ್ಲಿ ‘ನ್ಯಾನೊ’ ಎಲ್ಲಿಂದ ಬಂತು? ಲೆಕ್ಕ ಹಾಕಿ ನೋಡಿದರೆ ತಾನೇ ತಿಳಿಯುತ್ತದೆ. ಪ್ಲಾಟಿನಂ ಬಲು ಭಾರದ ಲೋಹ, ಒಂದು ಘನ ಸೆಂಟಿಮೀಟರಿಗೆ ಸುಮಾರು 21.45 ಗ್ರಾಂ. ಒಂದು ಗ್ರಾಂ ಪ್ಲಾಟಿನಂ ಅನ್ನು ಗಟ್ಟಿಯಾಗಿ ಪಗಡೆಯ ದಾಳದಂತೆ ಮಾಡಿದರೆ ಒಂದೊಂದು ಬದಿ 3.6 ಮಿಲಿಮೀಟರ್. ಆರೂ ಮುಖ ಸೇರಿ ಅದರ ಮೇಲ್ಮೈ ನಿಮ್ಮ ಕಿರುಬೆರಳಿನ ಉಗುರಿನಷ್ಟೂ ಆಗದು. ಅನಿಲಗಳು ಮುಟ್ಟುವುದು ಮೇಲ್ಮೈಯನ್ನು ಮಾತ್ರ. ಒಳಗಿನ ಪರಮಾಣುಗಳೆಲ್ಲ ಕದ ಹಾಕಿಕೊಂಡ ಕೋಣೆಯಲ್ಲಿ ಕೂತವರು. ಅವರಿಗೆ ಕೆಲಸವೇ ಇಲ್ಲ, ದುಡ್ಡು ಮಾತ್ರ ನಾವು ಕೊಟ್ಟಿರುತ್ತೇವೆ.

ಅದೇ ಒಂದು ಗ್ರಾಂ ಅನ್ನು 3 ನ್ಯಾನೊಮೀಟರ್ ಅಗಲದ ಗುಂಡುಗಳಾಗಿ ಒಡೆಯಿರಿ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೂದಲೇ ಹತ್ತಿರ ಹತ್ತಿರ 80 ಸಾವಿರ ನ್ಯಾನೊಮೀಟರ್ ದಪ್ಪ. ಹೀಗೆ ಒಡೆದಾಗ ಎಲ್ಲ ಗುಂಡುಗಳ ಮೇಲ್ಮೈ ಕೂಡಿಸಿದರೆ ಸುಮಾರು 93 ಚದರ ಮೀಟರ್. ಫ್ಲ್ಯಾಟಿನ ಭಾಷೆಯಲ್ಲಿ ಹೇಳಬೇಕೆಂದರೆ ಸಾವಿರ ಚದರ ಅಡಿ. ಪುಣೆಯಲ್ಲೋ ಹೈದರಾಬಾದಿನಲ್ಲೋ ನಾವು ನೀವು ಇಪ್ಪತ್ತು ವರ್ಷದ ಸಾಲ ಮಾಡಿ ಕೊಳ್ಳುವ ಟೂ ಬಿಎಚ್‌ಕೆ ಮನೆಯಷ್ಟು ಜಾಗ ಒಂದು ಗ್ರಾಂ ಲೋಹದಲ್ಲಿ ಸಿಗುತ್ತದೆ. ಉಗುರಿನಷ್ಟಿದ್ದ ಮೇಲ್ಮೈ ಹತ್ತು ಲಕ್ಷ ಪಟ್ಟಿಗೂ ಹೆಚ್ಚಾಯಿತು, ಲೋಹ ಮಾತ್ರ ಅಷ್ಟೇ. ಒಂದು ಕಾರಿನ ಡಬ್ಬಿಯಲ್ಲಿ ಈ ಬೆಲೆಬಾಳುವ ಲೋಹಗಳು ಇರುವುದು ಕೆಲವೇ ಗ್ರಾಂ. ಅಷ್ಟರಲ್ಲೇ ಕಾರಿನ ಆಯುಷ್ಯವಿಡೀ ಕೆಲಸ ನಡೆಯುವುದು ಈ ಲೆಕ್ಕದಿಂದ.

ಇನ್ನೊಂದು ರೀತಿಯಲ್ಲೂ ಎಣಿಸಬಹುದು. ಒಂದು ಉಂಡೆಯ ಸುತ್ತ ಅದೇ ಗಾತ್ರದ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸರಿಯಾಗಿ 12 ಹಿಡಿಸುತ್ತವೆ. ಒಟ್ಟು 13ರಲ್ಲಿ 12 ಹೊರಗೆ. ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಒಟ್ಟು 55, ಹೊರಗಿರುವುದು 42. ಮೂರನೇ ಪದರಕ್ಕೆ ಒಟ್ಟು 147, ಹೊರಗೆ 92. ಹತ್ತನೇ ಪದರಕ್ಕೆ ಬರುವಷ್ಟರಲ್ಲಿ ಒಟ್ಟು 3,871 ಪರಮಾಣುಗಳಲ್ಲಿ ಹೊರಗಿರುವುದು 1,002 ಮಾತ್ರ. ಶೇ 92ರಿಂದ ಶೇ 26ಕ್ಕೆ ಇಳಿಯಿತು. ಕಣ ದೊಡ್ಡದಾದಂತೆ ಕೆಲಸಗಳ್ಳರ ಸಂಖ್ಯೆ ಹೆಚ್ಚುತ್ತದೆ. ದೊಡ್ಡ ಕಂಪನಿಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

<b>ಬಂಗಾರಕ್ಕೆ ಬುದ್ಧಿ ಬಂದಾಗ</b>

ಮೇಲ್ಮೈ ಹೆಚ್ಚುವುದಷ್ಟೇ ಆಗಿದ್ದರೆ ನ್ಯಾನೊ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಣ್ಣದಾದಾಗ ಲೋಹದ ಸ್ವಭಾವವೇ ಬದಲಾಗುತ್ತದೆ. ಇದಕ್ಕೆ ಬಂಗಾರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಂಗಾರವನ್ನು ನಾವು ಮೆಚ್ಚುವುದೇ ಅದು ಯಾವುದಕ್ಕೂ ಬಗ್ಗುವುದಿಲ್ಲ ಎಂದು. ಅಜ್ಜಿಯ ಕಾಲದ ಬೋರಮಾಳ ಇವತ್ತಿಗೂ ಕಪ್ಪಾಗಿಲ್ಲ. ಆಮ್ಲಜನಕದ ಜೊತೆ ಅದು ಮಾತನ್ನೇ ಆಡುವುದಿಲ್ಲ. ಹಾಗಾಗಿ ರಸಾಯನ ವಿಜ್ಞಾನಿಗಳು ಬಂಗಾರವನ್ನು ವೇಗವರ್ಧಕಗಳ ಪಟ್ಟಿಯಿಂದ ಬಹಳ ಕಾಲ ಹೊರಗೇ ಇಟ್ಟಿದ್ದರು. ಅದರ ಬಣ್ಣ ಬದಲಾಗುತ್ತದೆಂಬುದು ಮಾತ್ರ ಹಳೆಯ ಸುದ್ದಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1857ರ ಹೊತ್ತಿಗೆ ಬಂಗಾರದ ಅತಿ ಸಣ್ಣ ಕಣಗಳನ್ನು ನೀರಿನಲ್ಲಿ ತೇಲಿಸಿ ಮಾಣಿಕ್ಯದ ಕೆಂಪು ಬಣ್ಣ ತೋರಿಸಿದ್ದರು. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮೂಗಿನ ದ್ರವ ಹಾಕಿ ನೋಡುತ್ತಿದ್ದ ಕಿಟ್ ನೆನಪಿದೆಯೇ? ಅಂಥ ಬಹಳಷ್ಟು ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆ ಇದೇ ಬಂಗಾರದ ನ್ಯಾನೊ ಕಣಗಳದ್ದು.

1987ರಲ್ಲಿ ಜಪಾನಿನ ಮಸತಾಕೆ ಹರುತ ಮತ್ತು ಸಂಗಡಿಗರು ಒಂದು ವಿಚಿತ್ರ ಪ್ರಕಟಿಸಿದರು. 5 ನ್ಯಾನೊಮೀಟರಿಗಿಂತ ಸಣ್ಣ ಬಂಗಾರದ ಕಣಗಳನ್ನು ಕಬ್ಬಿಣದಂಥ ಲೋಹಗಳ ಆಕ್ಸೈಡ್ ಮೇಲೆ ಕೂರಿಸಿದಾಗ, ಅವು ಕಾರ್ಬನ್ ಮೊನಾಕ್ಸೈಡ್ ಅನ್ನು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಉರಿಸಿದವು. ನಮ್ಮ ಕಾರಿನ ಪ್ಲಾಟಿನಂ, ಪಲ್ಲಾಡಿಯಂ ಕೆಲಸ ಶುರು ಮಾಡಬೇಕಾದರೆ 250–300 ಡಿಗ್ರಿ ಬಿಸಿ ಆಗಬೇಕು. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಹೊಗೆ ಹೆಚ್ಚು ಕೆಟ್ಟದಾಗಿರುವುದು ಇದೇ ಕಾರಣಕ್ಕೆ. ಅಂಥದ್ದರಲ್ಲಿ ಎಲ್ಲರಿಗಿಂತ ಸೋಮಾರಿ ಎನಿಸಿಕೊಂಡ ಬಂಗಾರ ಹಿಮದಲ್ಲೂ ದುಡಿಯಿತು.

ಯಾಕೆ ಹೀಗೆ? ಗಟ್ಟಿ ಬಂಗಾರದಲ್ಲಿ ಪ್ರತಿ ಪರಮಾಣುವಿಗೂ ಸುತ್ತ 12 ನೆರೆಯವರು ಇರುತ್ತಾರೆ. ಅದು ತೃಪ್ತ ಸಂಸಾರ. ಸಣ್ಣ ಕಣದ ಅಂಚಿನಲ್ಲಿ, ಮೂಲೆಯಲ್ಲಿ ಕೂತ ಪರಮಾಣುವಿಗೆ ನೆರೆಯವರು ಕಡಿಮೆ. ಹೊರಗಿನಿಂದ ಬಂದವರ ಕೈ ಹಿಡಿಯಲು ಅದು ಸಿದ್ಧ. ಜೊತೆಗೆ, ಕಣ ಮತ್ತು ಅದು ಕೂತಿರುವ ಆಕ್ಸೈಡ್ ನೆಲ ಸೇರುವ ಗೆರೆಯಲ್ಲೂ ಕ್ರಿಯೆ ಜೋರಾಗಿ ನಡೆಯುತ್ತದೆ. ಊರು ಬಿಟ್ಟು ಬಂದವರಿಗೆ ಈ ಮಾತು ಬೇಗ ಅರ್ಥವಾದೀತು. ನೆಂಟರಿಷ್ಟರ ನಡುವೆ ಇದ್ದಾಗ ಪಕ್ಕದ ಮನೆಯವರ ಹೆಸರೂ ಕೇಳದವರು, ಪರಊರಿನ ಲಿಫ್ಟಿನಲ್ಲಿ ಯಾರಾದರೂ ಕನ್ನಡದಲ್ಲಿ ಫೋನ್ ಮಾಡುವುದು ಕೇಳಿದರೆ ತಾವಾಗಿ ಮಾತಿಗಿಳಿಯುತ್ತಾರೆ.

<b>ಕಷ್ಟ ಇರುವುದು ಸಣ್ಣದಾಗಿ ಉಳಿಯುವುದರಲ್ಲಿ</b>

ಸಣ್ಣ ಕಣ ಮಾಡುವುದು ಅರ್ಧ ಕೆಲಸ. ಅದನ್ನು ಸಣ್ಣದಾಗಿಯೇ ಉಳಿಸಿಕೊಳ್ಳುವುದು ಉಳಿದರ್ಧ, ಮತ್ತು ಅದೇ ಹೆಚ್ಚು ಕಷ್ಟ. ನೆರೆಯವರಿಗಾಗಿ ಹಂಬಲಿಸುವ ಪರಮಾಣುಗಳು ಬಿಸಿ ತಾಗಿದ ಕೂಡಲೇ ಸರಿದು ಸರಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹರಳೆಣ್ಣೆಯ ಸಣ್ಣ ಸಣ್ಣ ಹನಿಗಳು ನೀರಿನ ಮೇಲೆ ಕೂಡಿ ದೊಡ್ಡ ಹನಿಯಾದಂತೆ. ಸಾವಿರ ಚದರ ಅಡಿಯ ಮನೆ ನೂರು ಚದರ ಅಡಿಗೆ ಇಳಿಯುತ್ತದೆ. ಲೋಹ ಎಲ್ಲಿಗೂ ಹೋಗಿರುವುದಿಲ್ಲ, ತೂಕವೂ ಕಡಿಮೆಯಾಗಿರುವುದಿಲ್ಲ, ಆದರೆ ಕೆಲಸ ನಿಂತಿರುತ್ತದೆ.

ನನ್ನ ಕಾರಿಗೆ ಬರಬಹುದಾಗಿದ್ದ ಆಪತ್ತು ಇದೇ. ಗ್ಯಾರೇಜಿನವರ ಸ್ಕ್ಯಾನರಿನಲ್ಲಿ ಇನ್ನೊಂದು ಸಂಕೇತವೂ ಇತ್ತು: ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತುತ್ತಿಲ್ಲ ಎಂಬುದು. ಕಿಡಿ ತಪ್ಪಿದಾಗ ಹಸಿ ಪೆಟ್ರೋಲ್ ಡಬ್ಬಿಯೊಳಗೇ ಹೋಗಿ ಅಲ್ಲಿ ಉರಿಯುತ್ತದೆ. ಶಾಖ ಸಾವಿರ ಡಿಗ್ರಿ ಮುಟ್ಟಿದರೆ ಕಣಗಳು ಗುಂಪುಗೂಡುತ್ತವೆ, ಇನ್ನೂ ಏರಿದರೆ ಪಿಂಗಾಣಿಯೇ ಕರಗುತ್ತದೆ. ‘ಮೊದಲು ಕಾಯಿಲ್, ಪ್ಲಗ್ ಬದಲಿಸೋಣ, ಡಬ್ಬಿ ಆಮೇಲೆ ನೋಡೋಣ’ ಎಂದೆ. ಬದಲಿಸಿ, ಸಂಕೇತ ಅಳಿಸಿ, ಎರಡು ವಾರ ಓಡಿಸಿದೆವು. ದೀಪ ಮತ್ತೆ ಹತ್ತಲಿಲ್ಲ. ಡಬ್ಬಿ ಇನ್ನೂ ಜೀವಂತವಾಗಿತ್ತು. ಗ್ಯಾರೇಜಿನವರನ್ನು ನಾನು ದೂರುವುದಿಲ್ಲ. ಬಂದ ಗಿರಾಕಿಗಳಲ್ಲಿ ಬಹಳ ಜನ ಖಾಲಿ ಡಬ್ಬಿಯನ್ನೇ ಕೇಳುತ್ತಾರೆ.

ಎಂಜಿನ್ ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಈ ಕಣಗಳ ಸೇವೆಯೇ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕ ತಪ್ಪಿದರೆ ಮೂರೂ ಅನಿಲಗಳನ್ನು ಒಟ್ಟಿಗೆ ಶುದ್ಧ ಮಾಡಲಾಗದು. ಡಬ್ಬಿಯ ಮುಂದೆ ಒಂದು, ಹಿಂದೆ ಒಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಮುಂದಿನದು ಏರಿಳಿಯುತ್ತಿದ್ದು ಹಿಂದಿನದು ಶಾಂತವಾಗಿದ್ದರೆ ಡಬ್ಬಿ ಆರೋಗ್ಯವಾಗಿದೆ ಎಂದರ್ಥ. ಆ ಶಾಂತಿ ಬರುವುದು ಡಬ್ಬಿಯೊಳಗಿನ ಸೀರಿಯಂ ಆಕ್ಸೈಡಿನಿಂದ. ಹೆಚ್ಚಾದಾಗ ಆಮ್ಲಜನಕವನ್ನು ಕಣಜದಂತೆ ತುಂಬಿಟ್ಟುಕೊಂಡು, ಕಡಿಮೆಯಾದಾಗ ಅದು ಹೊರಗೆ ಕೊಡುತ್ತದೆ. ಖಾಲಿ ಡಬ್ಬಿಯಲ್ಲಿ ಎರಡೂ ಸೆನ್ಸರ್ ಒಂದೇ ತಾಳಕ್ಕೆ ಕುಣಿಯುತ್ತವೆ. ದೀಪ ಹತ್ತುವುದು ಆಗ.

ಈ ಸೀರಿಯಂ ಆಕ್ಸೈಡ್ ಮೇಲೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎಸ್. ಹೆಗಡೆ ಮತ್ತು ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿತು. ಲೋಹವನ್ನು ಕಣವಾಗಿ ಮೇಲೆ ಅಂಟಿಸುವ ಬದಲು, ಪ್ಲಾಟಿನಂ, ಪಲ್ಲಾಡಿಯಂಗಳನ್ನು ಅಯಾನುಗಳಾಗಿ ಆಕ್ಸೈಡಿನ ಹರಳಿನೊಳಗೇ ನೆಟ್ಟುಬಿಟ್ಟರೆ ಹೇಗೆ ಎಂಬುದು ಅವರ ದಾರಿ. ಒಂದೊಂದು ಅಯಾನು ತನ್ನ ಜಾಗದಲ್ಲಿ ಬೇರೂರಿದ್ದರೆ ಗುಂಪುಗೂಡುವ ಮಾತೇ ಬರುವುದಿಲ್ಲ. ಜಪಾನಿನ ಡೈಹಾಟ್ಸು ಕಾರು ಕಂಪನಿಯವರು ಸೇರಿದ್ದ ತಂಡ 2002ರಲ್ಲಿ ಇನ್ನೊಂದು ಉಪಾಯ ತೋರಿಸಿತು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ಪಲ್ಲಾಡಿಯಂ ಹರಳಿನ ಒಳಗೆ ಹೋಗುತ್ತದೆ, ಕಡಿಮೆಯಾದಾಗ ಸಣ್ಣ ಕಣಗಳಾಗಿ ಹೊರಗೆ ಬರುತ್ತದೆ. ದಿನಾ ಮನೆಯೊಳಗೆ ಹೋಗಿ ಮಲಗಿ ಬೆಳಿಗ್ಗೆ ಹೊಸಬನಾಗಿ ಏಳುವ ಕೆಲಸಗಾರನಂತೆ. 2011ರಲ್ಲಿ ಚೀನಾದ ದಾಲಿಯನ್‌ನ ವಿಜ್ಞಾನಿಗಳು ಸಂಗಡಿಗರೊಂದಿಗೆ ಕಬ್ಬಿಣದ ಆಕ್ಸೈಡಿನ ಮೇಲೆ ಬಿಡಿ ಬಿಡಿ ಪ್ಲಾಟಿನಂ ಪರಮಾಣುಗಳನ್ನು ಕೂರಿಸಿ, ಅವೂ ವೇಗವರ್ಧಕವಾಗಿ ಕೆಲಸ ಮಾಡುತ್ತವೆಂದು ತೋರಿಸಿದರು. ಇದಕ್ಕಿಂತ ಸಣ್ಣದು ಇನ್ನಿಲ್ಲ. ಪ್ರತಿ ಪರಮಾಣುವೂ ಹೊರಗೇ, ಪ್ರತಿಯೊಂದಕ್ಕೂ ಕೆಲಸ.

<b>ಗಣಿ ದೂರ, ಗುಜರಿ ಹತ್ತಿರ</b>

ಇಷ್ಟೆಲ್ಲ ಜಿಪುಣತನ ಯಾಕೆ? ಪ್ಲಾಟಿನಂನ ಬಹುಪಾಲು ಬರುವುದು ದಕ್ಷಿಣ ಆಫ್ರಿಕಾದಿಂದ. ಪಲ್ಲಾಡಿಯಂಗೆ ಆ ದೇಶದ ಜೊತೆ ರಷ್ಯಾವನ್ನೂ ನೆಚ್ಚಬೇಕು. ಒಂದು ಟನ್ ಅದಿರು ಅಗೆದರೆ ಸಿಗುವುದು ಕೆಲವೇ ಗ್ರಾಂ. ನಮ್ಮ ದಾವಣಗೆರೆ ಜಿಲ್ಲೆಯ ಹನುಮಲಾಪುರದ ಸುತ್ತ ಈ ಗುಂಪಿನ ಲೋಹಗಳು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರಾದರೂ, ಭಾರತ ಇಂದಿಗೂ ಆಮದನ್ನೇ ನಂಬಿದೆ. ಹಾಗಾಗಿ ಹಳೆಯ ಡಬ್ಬಿಯೇ ನಮ್ಮ ಗಣಿ. ಗ್ಯಾರೇಜಿನ ಬಾಗಿಲಿಗೆ ಬಂದು ಜಾಳಿಗೆ ಕೊಳ್ಳುವವರಿಗೆ ಅದು ಗೊತ್ತು. ಸರಿಯಾದ ಸಂಸ್ಕರಣಾ ಘಟಕಕ್ಕೆ ಹೋದರೆ ಆ ಲೋಹ ಮತ್ತೆ ಹೊಸ ಡಬ್ಬಿಯಾಗಿ ರಸ್ತೆಗೆ ಬರಬಹುದು. ಜೀವ ಇರುವ ಡಬ್ಬಿಯನ್ನೇ ಒಡೆದು ಮಾರಿದರೆ ಮಾತ್ರ ಲಾಭ ಒಬ್ಬನಿಗೆ, ಹೊಗೆ ಊರಿಗೆಲ್ಲ.

ನಮ್ಮ ದೇಶದಲ್ಲಿ ಈ ಡಬ್ಬಿ ಬಂದದ್ದೇ ಹಟದಿಂದ. ಸೀಸ ಬೆರೆಸಿದ ಪೆಟ್ರೋಲ್ ಈ ಕಣಗಳಿಗೆ ವಿಷ. ಹಾಗಾಗಿ ಮೊದಲು ಪೆಟ್ರೋಲ್ ಬದಲಾಗಬೇಕಿತ್ತು. 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಸೀಸರಹಿತ ಪೆಟ್ರೋಲ್ ಮತ್ತು ಹೊಸ ಕಾರುಗಳಿಗೆ ಕನ್ವರ್ಟರ್ ಒಟ್ಟಿಗೇ ಬಂದವು. 2000ದಲ್ಲಿ ಸೀಸದ ಪೆಟ್ರೋಲ್ ದೇಶದಿಂದಲೇ ಹೊರಬಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ದೇಶಕ್ಕೆಲ್ಲ ಅನ್ವಯವಾದ ಮೇಲೆ ಬೈಕು, ಸ್ಕೂಟರುಗಳ ಸೈಲೆನ್ಸರ್ ಒಳಗೂ ಈ ಲೋಹಗಳ ಮಹತ್ವ ಹೆಚ್ಚಿತು. ಪುಣೆಯಿಂದ ಬೆಳಗಾವಿ ಕಡೆಗೆ ಹೊರಟಾಗ ಖಂಬಾಟಕಿ ಘಾಟ್ ಹತ್ತುವ ಮುನ್ನ ಶಿರವಳ ಸಿಗುತ್ತದಲ್ಲ, ಆ ಸುತ್ತಿನ ಕೈಗಾರಿಕೆಗಳಲ್ಲಿ ವಾಹನದ ವೇಗವರ್ಧಕ ತಯಾರಿಸುವ ಕಾರ್ಖಾನೆಯೂ ಒಂದು. ದೀಪಾವಳಿಗೆ ಊರಿಗೆ ಹೋಗುವ ನಾವೆಲ್ಲ ಅದರ ಮುಂದಿನಿಂದಲೇ ಹಾದು ಹೋಗುವವರು.

ಲೋಹದ ನ್ಯಾನೊ ಕಣಗಳ ಕೆಲಸ ಹೊಗೆಗಷ್ಟೇ ಸೀಮಿತವಲ್ಲ. ಚೆನ್ನೈನ ಐಐಟಿ ಮದ್ರಾಸಿನಲ್ಲಿ ಪ್ರೊ. ಟಿ. ಪ್ರದೀಪ್ ಮತ್ತು ಸಂಗಡಿಗರು ಬೆಳ್ಳಿ, ಬಂಗಾರದ ನ್ಯಾನೊ ಕಣಗಳು ನೀರಿನಲ್ಲಿರುವ ಕೀಟನಾಶಕಗಳನ್ನು ಹಿಡಿಯುತ್ತವೆ, ಕೆಲವನ್ನು ಮುರಿದೇ ಹಾಕುತ್ತವೆ ಎಂದು ತೋರಿಸಿದರು. ಅದರಿಂದ ಮನೆಬಳಕೆಯ ಫಿಲ್ಟರ್ ಕೂಡ ಮಾರುಕಟ್ಟೆಗೆ ಬಂತು. ಅವರು ಪರೀಕ್ಷಿಸಿದ ಕೀಟನಾಶಕಗಳಲ್ಲಿ ಎಂಡೋಸಲ್ಫಾನ್ ಒಂದು. ದಕ್ಷಿಣ ಕನ್ನಡದ ಕೊಕ್ಕಡ, ಬೆಳ್ತಂಗಡಿ ಕಡೆಯವರಿಗೆ ಆ ಹೆಸರು ಏನೆಂದು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಸುರಿದ ಅದು ಎಷ್ಟು ಮನೆಗಳ ಮಕ್ಕಳನ್ನು ಹಾಸಿಗೆಗೆ ಕಟ್ಟಿಹಾಕಿತು ಎಂಬುದನ್ನು ಅಲ್ಲಿಯವರು ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ನೀರಿಗೆ ಬಿದ್ದ ವಿಷವನ್ನು ತೆಗೆಯುವ ವಿದ್ಯೆ ಬೇಕು, ನಿಜ. ಬೀಳದಂತೆ ತಡೆಯುವ ಕಾನೂನು ಅದಕ್ಕಿಂತ ಮೊದಲು ಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

‘ನ್ಯಾನೊ’ ಎಂಬ ಪದವನ್ನು ಈಗ ಸೋಪಿನ ಪುಡಿಗೂ ಅಂಟಿಸುತ್ತಾರೆ. ಅಂಥ ಸುದ್ದಿ ಓದಿದಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎಷ್ಟು ಗಂಟೆ ಓಡಿಸಿ ನೋಡಿದ್ದಾರೆ? ಬಿಸಿಯಲ್ಲಿ, ಕೊಳಕಿನಲ್ಲಿ ಕಣ ಸಣ್ಣದಾಗಿಯೇ ಉಳಿಯಿತೇ? ಕೆಲಸ ಮುಗಿದ ಮೇಲೆ ಲೋಹ ವಾಪಸ್ ಸಿಗುತ್ತದೆಯೇ, ಇಲ್ಲಾ ಹಳ್ಳಕ್ಕೆ ಹರಿದು ಹೋಗುತ್ತದೆಯೇ? ಮೂರಕ್ಕೂ ಉತ್ತರ ಇದ್ದರೆ ಅದು ವಿಜ್ಞಾನ, ಇಲ್ಲದಿದ್ದರೆ ಜಾಹೀರಾತು.

<b>ಅಕ್ಕನ ಪ್ರಶ್ನೆ</b>

ಈ ವರ್ಷ ಬೇಸಿಗೆಯಲ್ಲಿ ಧಾರವಾಡದಿಂದ ಅಕ್ಕನ ಫೋನ್ ಬಂತು. ಅವಳ ಮಗ ರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ ಮುಗಿಸಿದ್ದಾನೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ ಸೀಟು ಸಿಕ್ಕಿದೆ, ಲೋಹದ ನ್ಯಾನೊ ವೇಗವರ್ಧಕಗಳ ಮೇಲೆ. ಮನೆಯವರಿಗೆಲ್ಲ ಅವನು ಆರು ತಿಂಗಳ ಸಾಫ್ಟ್‌ವೇರ್ ಕೋರ್ಸ್ ಮಾಡಿ ಪುಣೆಗೆ ನನ್ನ ಹತ್ತಿರ ಬರಲಿ ಎಂಬ ಆಸೆ.

‘ತಮ್ಮಾ, ನೀ ಸಾಫ್ಟ್‌ವೇರ್‌ನಾಗ ಇದ್ದಿ ಅಂತ ಮನಿ ಕಟ್ಟಿಸಿದಿ. ಇಂವಾ ಐದು ವರ್ಷ ಮತ್ತ ಪುಡಿ ಅರಕೋತ ಕೂತರ ಹೆಂಗೋ? ಅದರಿಂದ ಹೊಟ್ಟಿ ತುಂಬತದೇನು?’ ಎಂದಳು.

ಅಕ್ಕನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಭಾವ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ, ತಂಗಿಯ ಮದುವೆ ಆಗಬೇಕಿದೆ. ನಾನು ಲೆಕ್ಕವನ್ನು ಇದ್ದದ್ದು ಇದ್ದಂತೆ ಹೇಳಿದೆ. ಕಿರಿಯ ಸಂಶೋಧಕರಿಗೆ ಕೇಂದ್ರ ಸರ್ಕಾರದ ಫೆಲೋಶಿಪ್ 2023ರಿಂದ ತಿಂಗಳಿಗೆ 37 ಸಾವಿರ ರೂಪಾಯಿ, ಎರಡು ವರ್ಷದ ಮೇಲೆ 42 ಸಾವಿರ. ಬೆಂಗಳೂರಿನಲ್ಲಿ ಅದರಿಂದ ಒಬ್ಬನ ಹೊಟ್ಟೆ ತುಂಬುತ್ತದೆ, ಮನೆಗೆ ದೊಡ್ಡದಾಗಿ ಕಳಿಸಲು ಆಗುವುದಿಲ್ಲ. ಆಮೇಲೆ ನೌಕರಿ ಉಂಟೇ ಎಂದರೆ, ಉಂಟು. ಎಣ್ಣೆ ಶುದ್ಧೀಕರಣ, ಗೊಬ್ಬರ, ಔಷಧ, ವಾಹನ, ಈಗ ನೀರಿನಿಂದ ಹೈಡ್ರೋಜನ್ ತೆಗೆಯುವ ಕೆಲಸ, ಎಲ್ಲದಕ್ಕೂ ವೇಗವರ್ಧಕ ಬೇಕು. ಆದರೆ ಸಾಫ್ಟ್‌ವೇರಿನಷ್ಟು ಬಾಗಿಲುಗಳಿಲ್ಲ, ತೆರೆಯುವುದೂ ತಡ.

ಎಷ್ಟು ತಡ ಎಂದು ಹೇಳಲು ಬಂಗಾರದ ಇನ್ನೊಂದು ಕತೆ ಹೇಳಿದೆ. ಪಿವಿಸಿ ಪೈಪು ಮಾಡಲು ಬೇಕಾದ ವಿನೈಲ್ ಕ್ಲೋರೈಡ್ ಅನ್ನು ಚೀನಾದಲ್ಲಿ ಕಲ್ಲಿದ್ದಲಿನಿಂದ ತಯಾರಿಸುವಾಗ ಪಾದರಸದ ವೇಗವರ್ಧಕ ಬಳಸುತ್ತಿದ್ದರು. ಪಾದರಸ ಆವಿಯಾಗಿ ಹೊರಗೆ ಹೋಗಿ ನೀರು, ಮೀನು, ಮನುಷ್ಯರನ್ನು ಸೇರುತ್ತದೆ. 1985ರಲ್ಲಿ ಬ್ರಿಟನ್ನಿನ ಗ್ರಹಾಂ ಹಚಿಂಗ್ಸ್ ಪಾದರಸದ ಜಾಗದಲ್ಲಿ ಬಂಗಾರವೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಬೇಕು ಎಂದು ಲೆಕ್ಕ ಹಾಕಿ ಹೇಳಿದರು. ಪ್ರಯೋಗ ಮಾಡಿದರು, ನಿಜವಾಯಿತು. ಆದರೆ ಅದು ಕಾರ್ಖಾನೆಗೆ ಹೋಗಲು ಸುಮಾರು 30 ವರ್ಷ ಬೇಕಾಯಿತು. ಬಂಗಾರದ ಪ್ರಮಾಣ ತೀರಾ ಕಡಿಮೆ ಮಾಡಬೇಕಿತ್ತು, ಬಹಳ ದಿನ ಬಾಳುವಂತೆ ಮಾಡಬೇಕಿತ್ತು. ಜಾನ್ಸನ್ ಮ್ಯಾಥಿ ಕಂಪನಿ ಅದನ್ನು ಮಾಡಿ ಮುಗಿಸುವ ಹೊತ್ತಿಗೆ ಪಾದರಸ ತಡೆಯುವ ಮಿನಮಾಟಾ ಒಪ್ಪಂದವೂ ಬಂದಿತ್ತು. 2017ರಲ್ಲಿ ಅದೇ ವೇಗವರ್ಧಕವನ್ನು ಹತ್ತಿರದಿಂದ ನೋಡಿದಾಗ, ಕೆಲಸ ಮಾಡುತ್ತಿದ್ದದ್ದು ಬಂಗಾರದ ಕಣಗಳೂ ಅಲ್ಲ, ಬಿಡಿ ಬಿಡಿ ಅಯಾನುಗಳು ಎಂದು ಗೊತ್ತಾಯಿತು.

ಅಕ್ಕ ಎಲ್ಲವನ್ನೂ ಕೇಳಿ, ‘ಮೂವತ್ತು ವರ್ಷಾ?’ ಎಂದಷ್ಟೇ ಕೇಳಿದಳು. ಹೌದು ಎಂದೆ. ಎರಡು ವಾರಕ್ಕೊಮ್ಮೆ ಹೊಸ ರಿಲೀಸ್ ಕೊಡುವ ನಮ್ಮ ನೌಕರಿಯಲ್ಲಿ ಕೆಲಸದ ಫಲ ಶುಕ್ರವಾರವೇ ಕಾಣುತ್ತದೆ, ಸೋಮವಾರಕ್ಕೆ ಮರೆತೂ ಹೋಗುತ್ತದೆ. ಅವನದು ಹಾಗಲ್ಲ. ತೋಟ ಹಾಕಿದ ಹಾಗೆ. ತೆಂಗಿನ ಸಸಿ ನೆಟ್ಟವನಿಗೆ ಮೊದಲ ವರ್ಷ ಕಾಯಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಆದರೆ ನೆಟ್ಟವನ ಮನೆಯಲ್ಲಿ ಅಲ್ಲಿಯ ತನಕ ಒಲೆ ಉರಿಯಬೇಕಲ್ಲ, ಅದನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ತಂಗಿಯ ಮದುವೆಯ ಖರ್ಚಿನಲ್ಲಿ ಅವನ ಪಾಲು ನನ್ನದು ಎಂದು ಅಕ್ಕನಿಗೆ ಹೇಳಿದೆ. ನಮ್ಮಂಥವರು ಹೊರರಾಜ್ಯಗಳಲ್ಲಿ ಗಳಿಸಿದ್ದಕ್ಕೆ ಇಂಥ ಒಂದು ಉಪಯೋಗವೂ ಇರಲಿ.

ಹುಡುಗ ಆಗಸ್ಟ್‌ನಲ್ಲಿ ಸೇರಿದ. ಮೊದಲ ಮೂರು ತಿಂಗಳು ಅವನಿಗೆ ಕೊಟ್ಟ ಕೆಲಸ ಗಾಜಿನ ಪಾತ್ರೆ ತೊಳೆಯುವುದು, ಒಂದೇ ಪುಡಿಯನ್ನು ಮತ್ತೆ ಮತ್ತೆ ತಯಾರಿಸಿ ಪ್ರತಿ ಸಲವೂ ಕಣಗಳು ಒಂದೇ ಗಾತ್ರಕ್ಕೆ ಬರುತ್ತವೆಯೇ ಎಂದು ನೋಡುವುದು. ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಪ್ಪು–ಬಿಳುಪು ಚಿತ್ರ ಕಳಿಸಿದ್ದ. ಬೂದಿ ಬಣ್ಣದ ಹಿನ್ನೆಲೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಕೆಳಗೆ ಬರೆದಿದ್ದ: ‘ಮಾಮಾ, ಮೂರು ನ್ಯಾನೊಮೀಟರ್. ಹದಿನಾಲ್ಕನೇ ಸಲಕ್ಕ ಬಂದಾವ.’